ಅಜ್ಜಿಯ ಕಾಲುದ್ದದ ನುಣುಪು

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಹಸಿವಾಗುತ್ತದೆ. ಕೇಳಿದವರು ನಗುತ್ತಾರೆ, ನಗಲಿ. ಬೇರೆಯವರ ಬಾಲ್ಯಕ್ಕೆ ಮಲ್ಲಿಗೆಯದೋ ಮೊದಲ ಮಳೆಯದೋ ವಾಸನೆ ಇರುತ್ತದಂತೆ. ನನ್ನದಕ್ಕೆ ಇರುವುದು ಸಿಮೆಂಟಿನದು, ಜೊತೆಗೆ ಒಂದಿಷ್ಟು ತೆಂಗಿನೆಣ್ಣೆಯದು. ನನ್ನ ದೊಡ್ಡಪ್ಪ ಗಾರೆ ಕೆಲಸದವನು. ಸಂಜೆ ಕೆಲಸ ಮುಗಿಸಿ ಬಂದು ಜಗಲಿಯ ಮೇಲೆ ಕೂತರೆ ಆ ವಾಸನೆಯೂ ಅವನ ಪಕ್ಕದಲ್ಲೇ ಕೂರುತ್ತಿತ್ತು. ಅವನ ಅಂಗಿಯ ಜೇಬಿನಲ್ಲಿ ಕಡಲೆಪುರಿಯ ಪೊಟ್ಟಣ ಇದ್ದೇ ಇರುತ್ತಿತ್ತು, ಅದನ್ನು ನಾನೇ ಕೈ ಹಾಕಿ ತೆಗೆಯಬೇಕಿತ್ತು. ಪುರಿಗೂ ಸ್ವಲ್ಪ ಸಿಮೆಂಟಿನ ರುಚಿ ಹತ್ತಿರುತ್ತಿತ್ತು. ಹೋದ ವರ್ಷ ಸರಸ್ವತಿಪುರದ ನಮ್ಮ ಮನೆಯ ಬಚ್ಚಲನ್ನು ಕಿತ್ತು ಹೊಸದು ಮಾಡಿಸುವಾಗ, ಕೆಲಸದವರು ಬಾಂಡಲಿಯಲ್ಲಿ ಸಿಮೆಂಟು ಕಲಸಿದ ವಾಸನೆ ಅಡುಗೆಮನೆಯ ತನಕ ಬಂತು. ನಾನು ಒಲೆ ಆರಿಸಿ, ಡಬ್ಬ ತೆರೆದು ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡು ನಿಂತೆ. ಅರವತ್ತರ ಹತ್ತಿರ ಬಂದ ಹೆಂಗಸು ಅಡುಗೆಮನೆಯಲ್ಲಿ ನಿಂತು ಪುರಿ ತಿನ್ನುತ್ತಾ ಅಳುವುದನ್ನು ಯಾರೂ ನೋಡಲಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಬಚ್ಚಲು ಕೀಳಿಸಿದ್ದು ಪುಟ್ಟತ್ತೆಯ ಸಲುವಾಗಿ. ಅವಳು ನನ್ನ ಅಪ್ಪನಿಗೂ ದೊಡ್ಡಪ್ಪನಿಗೂ ಒಬ್ಬಳೇ ತಂಗಿ. ವಯಸ್ಸು ಎಪ್ಪತ್ತು ದಾಟಿ ಎಷ್ಟೋ ಆಗಿದೆ, ಕೇಳಿದರೆ ದಿನಕ್ಕೊಂದು ಲೆಕ್ಕ ಹೇಳುತ್ತಾಳೆ. ಹಾಸನದಲ್ಲಿ ಮಗಳು ಸಾವಿತ್ರಿಯ ಮನೆಯಲ್ಲಿ ಚೆನ್ನಾಗಿಯೇ ಇದ್ದಳು. ಒಂದು ದಿನ ಸ್ನಾನಕ್ಕೆ ಹೋದವಳು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮಗಳ ಹತ್ತಿರ ಹಟ ಹಿಡಿದಳಂತೆ, "ಬೆಟ್ಟ ಕಾಣೋ ಕಡೆ ನನ್ನ ಬುಟ್ಬುಡು" ಎಂದು. ನಮ್ಮ ಮನೆಯ ಮಹಡಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ, ಹಾಗಾಗಿ ನನ್ನಲ್ಲಿಗೆ ಬಂದಳು. ಬಂದ ಮರುದಿನ ನೀರು ಕಾಯಿಸಿ ಕರೆದರೆ, ಬಚ್ಚಲಿನ ಬಾಗಿಲ ತನಕ ಬಂದು, ಚೌಕಟ್ಟಿನ ಮೇಲೆ ಕೈಯಿಟ್ಟು, ಒಳಗೆ ಬಗ್ಗಿ ನೋಡಿದಳು. ನಮ್ಮದು ಬಿಳೀ ಟೈಲು, ಮನೆಗೆ ಬಂದವರಿಗೆಲ್ಲ ನಮ್ಮ ಮನೆಯವರು ತೋರಿಸಿ ಹೊಗಳಿಸಿಕೊಂಡಿದ್ದು.

"ಇದ ಬಚ್ಚಲು ಅಂತೀರಾ? ಇದು ಕನ್ನಡಿ ಕಣಮ್ಮಿ," ಎಂದಳು ಅತ್ತೆ. "ಕನ್ನಡಿ ಮ್ಯಾಲೆ ನಿಂತ್ಕಂಡು ಯಾರಾದ್ರೂ ನೀರು ಉಯ್ಕತಾರಾ? ನಾನು ಕಾಲಿಡಾಕಿಲ್ಲ."

ಇಡಲಿಲ್ಲ. ರಬ್ಬರಿನ ಚಾಪೆ ತಂದು ಹಾಸಿದೆ, ಪ್ಲಾಸ್ಟಿಕ್ ಕುರ್ಚಿ ಇಟ್ಟೆ, ನಾನೇ ತಬ್ಬಿ ಹಿಡಿದುಕೊಳ್ಳುತ್ತೇನೆ ಎಂದೆ. ಊಹೂಂ. ಡಾಕ್ಟರು ಕೈ ಪೂರ್ತಿ ಕೂಡಿಕೊಂಡಿದೆ ಎಂದರು. ಕೈ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ತಿಂಗಳುಗಟ್ಟಲೆ ಅವಳು ಮಂಚದ ಮೇಲೆ ಕೂತು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೇ ಕಾಲ ಹಾಕಿದಳು. ನಮ್ಮ ವಂಶದ ಅರ್ಧ ಮಕ್ಕಳನ್ನು ಮೀಯಿಸಿದ ಕೈ ಅದು. ನನ್ನ ಬೆನ್ನಿನ ಮೂಳೆಗಳೆಲ್ಲ ಅದಕ್ಕೆ ಗುರುತಿದ್ದವು. ಆ ಅತ್ತೆ ಮನೆಗೆ ನೆಂಟರು ಬಂದರೆ ಎದ್ದು ಒಳಕೋಣೆಗೆ ಹೋಗಿಬಿಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತರೆ ಸೆರಗು ಎಳೆದುಕೊಂಡು ಸರಿದು, "ವಾಸ್ನೆ ಬತ್ತದೆ ಕಣಮ್ಮಿ, ವಸಿ ದೂರ ಕೂತ್ಕೊ," ಎನ್ನುತ್ತಿದ್ದಳು. ಈ ಮಾತು ಕೇಳಿದ ದಿನ ನಾನು ನಿರ್ಧಾರ ಮಾಡಿದೆ. ಇವಳ ತಲೆಯ ಮೇಲೆ ಮತ್ತೆ ಬಿಸಿನೀರು ಬೀಳಬೇಕು. ಅದಕ್ಕೆ ಇವಳು ನಂಬುವಂಥ ಒಂದು ಬಚ್ಚಲು ಬೇಕು, ನಮ್ಮ ಹಳೆಯ ಮನೆಯ ಬಚ್ಚಲಿನಂಥದ್ದು. ನಮ್ಮ ಮನೆಯವರು ಪೇಪರಿನ ಮರೆಯಿಂದಲೇ, "ಮದುವೆಗೆ ಮುಂಚೆ ನನ್ನ ವಿಷಯದಲ್ಲೂ ಇಷ್ಟು ಯೋಚನೆ ಮಾಡಿರಲಿಲ್ಲ ನೀನು," ಎಂದರು. ಮಾಡಿದ್ದರೆ ಮದುವೆಯೇ ಆಗುತ್ತಿರಲಿಲ್ಲ ಎಂದೆ.

ಹೂಟಗಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ದೊಡ್ಡ ಟೈಲ್ಸ್ ಅಂಗಡಿಯಿದೆ, ಮೂರು ಮಹಡಿಯದು, ಎಲ್ಲ ಗಾಜು. ಮೊದಲ ಸಲ ನಾನೊಬ್ಬಳೇ ಹೋದೆ. ಕೋಟು ತೊಟ್ಟ ಒಬ್ಬ ಹುಡುಗಿ ಬಂದು, ನಾನು ಟ್ರೆಡಿಷನಲ್ ಬೇಕೆಂದದ್ದೇ ತಡ, "ಹಾಗಾದರೆ ಹೆರಿಟೇಜ್ ಸೆಕ್ಷನ್ನಿಗೆ ಬನ್ನಿ ಮೇಡಂ," ಎಂದು ಕರೆದುಕೊಂಡು ಹೋದಳು. ನಮ್ಮ ಕಾಲದಲ್ಲಿ ಬಡತನ ಅನ್ನಿಸಿಕೊಂಡಿದ್ದೆಲ್ಲ ಈಗ ಹೆರಿಟೇಜ್ ಅನ್ನಿಸಿಕೊಂಡು ಅಲ್ಲಿ ಗಾಜಿನೊಳಗೆ ದೀಪ ಹಾಕಿಸಿಕೊಂಡು ನಿಂತಿತ್ತು. ಕೈಯಲ್ಲಿ ಬರೆದಂತೆ ಹೂವಿನ ಚಿತ್ತಾರವಿರುವ ಟೈಲುಗಳು, ಮಣ್ಣಿನ ಬಣ್ಣದ ಬಿಲ್ಲೆಗಳು, ಕೈ ತೊಳೆಯಲು ತಾಮ್ರದ ಬೋಗುಣಿ. ಒಂದು ಹಿತ್ತಾಳೆ ನಲ್ಲಿಯನ್ನು ಹಳೆಯದಾಗಿ ಕಾಣಲೆಂದು ಬೇಕಂತಲೇ ಕಪ್ಪು ಹಿಡಿಸಿದ್ದರು. ನನ್ನ ಅಜ್ಜಿ ಆಯಸ್ಸೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆದ ಕಪ್ಪು ಅದೇ. ಅಜ್ಜಿ ನೋಡಿದ್ದರೆ ಅಲ್ಲೇ ಸೆರಗು ಕಟ್ಟಿ ತಿಕ್ಕಲು ಕೂರುತ್ತಿದ್ದಳು. ನಗುತ್ತಾ ಮುಂದೆ ಹೋದವಳಿಗೆ ಆ ಕೆಂಪು ಟೈಲು ಕಂಡಿತು. ಗಟ್ಟಿ ಕೆಂಪು, ಒಳಗಿನಿಂದ ಎಣ್ಣೆ ಸೂಸಿದ ಹಾಗೆ ಹೊಳಪು. ನನ್ನ ದೊಡ್ಡಪ್ಪ ಹಾಕುತ್ತಿದ್ದ ಕಾವಿ ನೆಲ ಹೀಗೇ ಇರುತ್ತಿತ್ತು. ಇದೇ ಸಾಕು, ಅತ್ತೆ ನೋಡಿದ ಕೂಡಲೇ ಕಾಲಿಡುತ್ತಾಳೆ ಎಂದುಕೊಂಡು, ಒಂದು ಬಿಲ್ಲೆ ಮಾದರಿಗೆಂದು ಕೇಳಿ ತಂದೆ.

ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿದಳು. ಬೆಳಕಿಗೆ ಹಿಡಿದಳು. ಅವಳ ಕಣ್ಣು ತುಂಬಿತು. "ಥೇಟು ನಮ್ಮಣ್ಣನ ನೆಲ ಕಣಮ್ಮಿ," ಎಂದಳು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅದನ್ನು ನನ್ನ ಕೈಗೇ ವಾಪಸು ಇಟ್ಟು, "ಅದುಕ್ಕೇ ಬ್ಯಾಡ. ನಮ್ಮವ್ವ ಆ ನೆಲಕ್ಕೆ ಏನು ಮಾಡುದ್ಲು ಅಂತ ನಿಂಗೆ ಗ್ಯಾನ ಇಲ್ವಾ?" ಎಂದಳು.

ಇಲ್ಲದೇ ಏನು? ಆದರೆ ನೋಡಿ, ಐವತ್ತು ವರ್ಷಗಳಲ್ಲಿ ನನ್ನ ನೆನಪು ಹೊಳಪನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಎಲ್ಲೋ ಕೆಳಗೆ ತಳ್ಳಿಬಿಟ್ಟಿತ್ತು. ನಿಮಗೂ ಹೀಗೆ ಆಗಿರಬಹುದು. ಹೋದವರನ್ನು ನೆನೆಯುವಾಗ ಅವರ ಜಗಳಗಳನ್ನು ತೊಳೆದು, ಒರೆಸಿ, ನುಣ್ಣಗೆ ಮಾಡಿ ಇಟ್ಟುಕೊಂಡಿರುತ್ತೇವೆ. ಅತ್ತೆ ಹಾಗೆ ಮಾಡಿಕೊಂಡಿರಲಿಲ್ಲ.

ನಮ್ಮ ಹಳೆಯ ಮನೆ ಇದ್ದದ್ದು ಇಲ್ಲಿಂದ ಕೂಗಳತೆಯ ಕನ್ನೇಗೌಡನ ಕೊಪ್ಪಲಿನಲ್ಲಿ. ಸುತ್ತ ಊರು ಬೆಳೆದು, ಸಂಬಳದವರ ಮನೆಗಳು ಎದ್ದು, ಹೊಲಗಳೆಲ್ಲ ರಸ್ತೆಗಳಾದರೂ ಕೊಪ್ಪಲು ಮಾತ್ರ ಎಮ್ಮೆ, ಹುಲ್ಲಿನ ಮೆದೆ, ತಿಪ್ಪೆ ಸಮೇತ ಹಳ್ಳಿಯಾಗಿಯೇ ಉಳಿದಿತ್ತು. ನಾಡಹೆಂಚಿನ ಮನೆ, ಅಜ್ಜಿ, ದೊಡ್ಡಪ್ಪ, ನನ್ನ ಅಪ್ಪ ಅಮ್ಮ, ನಾನು. ಬಚ್ಚಲುಮನೆ ಹಿತ್ತಲ ಕಡೆಗೆ, ಕೊಟ್ಟಿಗೆಗೆ ಅಂಟಿಕೊಂಡು ಇತ್ತು. ಹಗಲಲ್ಲೂ ಅರೆಗತ್ತಲು. ಹೆಂಚಿನ ನಡುವೆ ಕೂರಿಸಿದ್ದ ಒಂದೇ ಒಂದು ಗಾಜಿನ ಹೆಂಚಿನಿಂದ ಬಿಸಿಲು ಕೋಲಿನ ಹಾಗೆ ಇಳಿದರೆ, ಅದರೊಳಗೆ ಹೊಗೆ ಸುರುಳಿ ಸುತ್ತುತ್ತಾ ಏರುತ್ತಿತ್ತು. ಮೂಲೆಯಲ್ಲಿ ಒಲೆಯ ಮೇಲೆ ಹೂತ ತಾಮ್ರದ ಹಂಡೆ. ಹೊರಗೆ ಮಸಿ, ಒಳಗೆ ನೋಡಿದರೆ ಹೊಸ ಕಾಸಿನ ಬಣ್ಣ. ಅವರೆಕಾಯಿ ಕಾಲದಲ್ಲಿ ಒಣಗಿದ ಸಿಪ್ಪೆಯನ್ನೇ ಒಲೆಗೆ ತುಂಬುತ್ತಿದ್ದರು. ಅದು ಚಟಚಟ ಸಿಡಿಯುವ ಸದ್ದಿಗೂ ಅದರ ಹೊಗೆಯ ಸೊಗಡಿಗೂ ನಿದ್ದೆಗಣ್ಣಲ್ಲೇ ಗೊತ್ತಾಗುತ್ತಿತ್ತು, ಇವತ್ತು ಎಣ್ಣೆನೀರು ಎಂದು. ಗೋಡೆಯ ಗೂಡಿನಲ್ಲಿ ಸೀಗೆಪುಡಿಯ ಕರಟ, ಅರಿಸಿನದ ಕೊಂಬು, ಹಲ್ಲುಜ್ಜುವ ಇದ್ದಿಲು. ದೀಪಾವಳಿಗೆ ನೀರು ತುಂಬುವ ಸಂಜೆ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಾಗಲಬಳ್ಳಿ ಸುತ್ತಿದರೆ ಆ ಮಸಿಮುದ್ದೆ ಹಂಡೆಯೂ ಮದುವಣಗಿತ್ತಿಯಾಗುತ್ತಿತ್ತು. ಅಜ್ಜಿ ನಮ್ಮ ತಲೆಗೆ ನೀರು ಹೊಯ್ಯುವಾಗ ಎಡಗೈಯನ್ನು ಹಣೆಯ ಮೇಲೆ ಚಾಚಿ ಸೂರಿನ ಹಾಗೆ ಹಿಡಿಯುತ್ತಿದ್ದಳು, ಸೀಗೆ ಕಣ್ಣಿಗೆ ಇಳಿಯದಂತೆ. ಕೊನೆಯ ಚೊಂಬನ್ನು ಮಾತ್ರ ನಿಧಾನವಾಗಿ, ನೆತ್ತಿಯ ಮೇಲೆಯೇ ಸುರಿದು "ಬೆಟ್ಟದಂಗೆ ಬೆಳಿ ಮಗ" ಎನ್ನುತ್ತಿದ್ದಳು. ಹೊರಗೆ ಬಂದರೆ ಹಿತ್ತಲಿನ ಆಚೆಗೆ ಬೆಟ್ಟ ನಿಂತಿರುತ್ತಿತ್ತು. ಅಷ್ಟು ಎತ್ತರ ಬೆಳೆದರೆ ಲಂಗ ಎಲ್ಲಿಂದ ತರುವುದು ಎಂದು ನನಗೆ ನಿಜವಾಗಿಯೂ ಚಿಂತೆಯಾಗುತ್ತಿತ್ತು.

ಆ ಬಚ್ಚಲಿಗೆ ಆಗ ಇದ್ದದ್ದು ಕಲ್ಲುಚಪ್ಪಡಿಯ ನೆಲ, ಸಂದುಗಳಲ್ಲಿ ಪಾಚಿ. ದೊಡ್ಡಪ್ಪ, ಊರಿನ ಬಾಯಲ್ಲಿ ಗಾರೆ ಬೋರಪ್ಪ, ಸರಸ್ವತಿಪುರದ ಎಷ್ಟೋ ಮನೆಗಳ ಹಜಾರಗಳಿಗೆ ಕಾವಿ ನೆಲ ಹಾಕಿದವನು. ನಮ್ಮ ಮನೆಯಲ್ಲಿ ಮಾತ್ರ ಸಗಣಿ ಸಾರಿಸಿದ ಮಣ್ಣಿನ ನೆಲ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಇದ್ದದ್ದು ತಂಗಿಯ ಮೇಲಿನ ಪ್ರೀತಿ. ಪುಟ್ಟತ್ತೆ ಚೊಚ್ಚಲ ಬಸುರಿಯಾಗಿ ತವರಿಗೆ ಬರುತ್ತಾಳೆಂದು ಗೊತ್ತಾದಾಗ, "ನನ್ನ ತಂಗಿ ಬಾಣಂತನ ಪಾಚಿ ಮ್ಯಾಲಾ? ಆಗಾಕಿಲ್ಲ," ಎಂದು ಅವನೇ ಚಪ್ಪಡಿ ಎಬ್ಬಿಸಿ ಹೊಸ ನೆಲ ಹಾಕಲು ನಿಂತ. ನಾನು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಕೆಂಪು ಪುಡಿ ಸಿಮೆಂಟಿನ ಜೊತೆ ಬೆರೆತು, ಮೊದಲು ಇಟ್ಟಿಗೆಯ ಬಣ್ಣವಾಗಿ, ನೀರು ಕುಡಿದ ಮೇಲೆ ಕುಂಕುಮದ ಬಣ್ಣವಾಯಿತು. ಅವನು ಮೊಣಕಾಲೂರಿ ಕರಣೆಯಿಂದ ಎಳೆದೂ ಎಳೆದೂ, ಒಣಗಿದ ಮೇಲೆ ತೆಂಗಿನೆಣ್ಣೆ ಸವರಿ ಬಟ್ಟೆಯಲ್ಲಿ ತಿಕ್ಕಿದ. ಅಷ್ಟು ದಿನವೂ ನಾವು ಹಿತ್ತಲಲ್ಲಿ ತಟ್ಟಿಯ ಮರೆಗೆ ಸ್ನಾನ ಮಾಡಿದೆವು. ಕೊನೆಗೆ ಒಲೆ ಹಚ್ಚಿದಾಗ ಬೆಂಕಿ ಒಲೆಯಲ್ಲೊಂದು, ನೆಲದೊಳಗೊಂದು, ಎರಡು ಉರಿಯಿತು. ಬೀದಿಯವರೆಲ್ಲ ಬಂದು ನೋಡಿದರು. ಇದರ ಮೇಲೆ ಎಲೆ ಹಾಕದೆಯೇ ಊಟ ಬಡಿಸಬಹುದು ಎಂದರು. ಒಬ್ಬರಿಗೂ ಒಂದು ವಿಷಯ ಹೊಳೆಯಲಿಲ್ಲ. ದೊಡ್ಡಪ್ಪ ಹಾಕಿ ಬಲ್ಲದ್ದು ಹಜಾರದ ನೆಲ. ಅದರ ಮೇಲೆ ಸಂಬಳದವರು ಕಾಲು ಒರೆಸಿಕೊಂಡು ನಡೆಯುತ್ತಾರೆ, ಸೀಗೆ ಎಣ್ಣೆ ಸುರಿದುಕೊಂಡು ನಿಲ್ಲುವುದಿಲ್ಲ.

ಅತ್ತೆ ಬಂದಳು, ನೆಲ ನೋಡಿ ಅಣ್ಣನ ಕೈಯನ್ನು ಕಣ್ಣಿಗೊತ್ತಿಕೊಂಡಳು, ಮಾರನೆಯ ದಿನ ಎಣ್ಣೆನೀರಿಗೆ ಹೋಗಿ ಜಾರಿದಳು. ಹಂಡೆಯ ಕಂಠ ಹಿಡಿದುಕೊಂಡದ್ದರಿಂದ ಅಂಗೈ ಸುಟ್ಟು ಬೊಬ್ಬೆ ಎದ್ದಿತು. ಕುಸಿದು ಕೂತಳೇ ಹೊರತು ಬೀಳಲಿಲ್ಲ. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ಕೂಸು ಭದ್ರವಾಗಿದೆ ಎಂದಳು. ಮರುದಿನ ದೊಡ್ಡಪ್ಪ ಕೆಲಸಕ್ಕೆ ಹೋದ ಮೇಲೆ ಬೀದಿಯಲ್ಲಿ ಒರಳುಕಲ್ಲಿನವನ ಕೂಗು ಕೇಳಿತು. ಆಗೆಲ್ಲ ರುಬ್ಬಿ ರುಬ್ಬಿ ಒರಳು ನುಣ್ಣಗಾದರೆ, ಉಳಿಯಿಂದ ಕುಟ್ಟಿ ಮತ್ತೆ ತರಿ ಮಾಡಿಕೊಡುವವರು ಬೀದಿ ಬೀದಿ ತಿರುಗುತ್ತಿದ್ದರು. ಅಜ್ಜಿ ಅವನನ್ನು ಒಳಗೆ ಕರೆದು, ಒರಳಿನ ಮುಂದೆ ಕೂರಿಸದೆ ನೇರ ಬಚ್ಚಲಿಗೆ ಕರೆದೊಯ್ದಳು. "ಇದು ನೆಲ ಕಣವ್ವ, ಕಲ್ಲಲ್ಲ," ಎಂದ ಅವನು. "ನಂಗೂ ಕಣ್ಣದೆ. ಕುಟ್ಟು," ಎಂದಳು ಅಜ್ಜಿ. ಮಧ್ಯಾಹ್ನವೆಲ್ಲ ಟಕ್ ಟಕ್ ಸದ್ದು. ಆ ಕೆಂಪು ನೆಲದ ಮೇಲೆ ಎಳ್ಳು ಎರಚಿದ ಹಾಗೆ ಗುಳಿ ಬೀಳುತ್ತಾ ಹೋಯಿತು. ಅತ್ತೆ ಒಳಗೆ ಬೊಬ್ಬೆಯೆದ್ದ ಕೈಯಲ್ಲೇ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಸಂಜೆ ದೊಡ್ಡಪ್ಪ ಟವಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದವನು ಬುಡ್ಡಿದೀಪವನ್ನು ನೆಲದ ಹತ್ತಿರಕ್ಕೆ ಇಳಿಸಿದ. ಬಗ್ಗಿ ಅಂಗೈಯಿಂದ ನೆಲ ಸವರಿದ. ಹೊರಗೆ ಬಂದು ಟವಲನ್ನು ಗೂಟಕ್ಕೆ ನೇತು ಹಾಕಿದ. ಕೂಗಾಡಿದ್ದರೆ ಎಲ್ಲರಿಗೂ ಹಾಯಾಗಿರುತ್ತಿತ್ತು, ಅವನು ಕೂಗಾಡಲಿಲ್ಲ. ಅವತ್ತಿನಿಂದ ಕೆಲಸದ ಜಾಗದ ತೊಟ್ಟಿಯಲ್ಲೇ ಮಿಂದು ಮನೆಗೆ ಬರುವುದು, ಅಜ್ಜಿಯ ಜೊತೆ ಮಾತು ಬಂದ್. ಏನಿದ್ದರೂ ನನ್ನ ಮೂಲಕ. "ನಿಮ್ಮಜ್ಜಿಗೆ ಹೇಳು, ಸಾರು ಚೆಂದಾಗದೆ ಅಂತ." ಅಜ್ಜಿ ಅಲ್ಲೇ, ಮೊಳ ದೂರದಲ್ಲೇ ಕೂತು, "ನಿಮ್ಮ ದೊಡ್ಡಪ್ಪಂಗೆ ಹೇಳು, ಇನ್ನೊಂದು ಮುದ್ದೆ ಅದೆ ಅಂತ," ಎನ್ನುತ್ತಿದ್ದಳು. ನನಗೆ ಆಗ ಅದು ಆಟ. ಮುಂದೆ ನಾನು ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿ ಅವರಿವರ ಮಾತು ದಾಟಿಸಿದ ಉದ್ಯೋಗಕ್ಕೆ ತರಬೇತಿ ಅಲ್ಲೇ ಆಯಿತೆಂದು ಹೇಳಿ ನಗಿಸುತ್ತಿರುತ್ತೇನೆ. ಅತ್ತೆಗೆ ಮಾತ್ರ ಅದು ಆಟವಾಗಿರಲಿಲ್ಲ. "ನನ್ನಿಂದ ತಾಯಿ ಮಕ್ಕಳು ಬ್ಯಾರೆ ಆದ್ರಲ್ಲಾ," ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅಳುತ್ತಿದ್ದಳು.

ಸಾವಿತ್ರಿ ಹುಟ್ಟಿದಳು. ಕೂಸನ್ನು ಮೀಯಿಸುವುದೆಂದರೆ ನಿಮಗೆ ಗೊತ್ತಲ್ಲ, ಅಜ್ಜಿ ನೆಲದ ಮೇಲೆ ಕೂತು ಎರಡೂ ಕಾಲು ಮುಂದಕ್ಕೆ ನೀಡಿ, ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಕಾಲುಗಳ ನಡುವಿನ ತೊಟ್ಟಿಲಲ್ಲಿ ಕೂಸನ್ನು ಮಲಗಿಸಿಕೊಳ್ಳಬೇಕು. ಎಣ್ಣೆ ತಿಕ್ಕಿ, ಕೈಕಾಲು ಎಳೆದು, ಮಗುಚಿ, ನೀರು ಹೊಯ್ದು ಮುಗಿಯುವ ಹೊತ್ತಿಗೆ ಅಜ್ಜಿಯ ಬರಿಗಾಲು ಕುಟ್ಟಿದ ನೆಲದ ಮೇಲೆ ಎಷ್ಟು ಸಲ ಉಜ್ಜಿಕೊಳ್ಳುತ್ತಿತ್ತೋ. ಒಂದು ದಿನ ನಾನು ನೋಡಿದೆ. ಮೀನಖಂಡದ ಕೆಳಗೆ, ಹಿಮ್ಮಡಿಯ ತನಕ ತರಚಿ ರಕ್ತ ಜಿನುಗಿತ್ತು. ಅಜ್ಜಿ ಹಳೆ ಸೀರೆ ಹರಿದು ಸುತ್ತಿಕೊಂಡು, ಯಾರಿಗೂ ಹೇಳಬೇಡ ಎಂದಳು. ದಿನವೂ ಅವರಿಬ್ಬರ ಮಾತು ಹೊತ್ತು ತಿರುಗುವವಳು ನಾನು, ಇದೊಂದನ್ನು ಹೇಗೆ ಬಿಡಲಿ? ಸಂಜೆ ಪುರಿ ತಿನ್ನುತ್ತಾ, "ದೊಡ್ಡಪ್ಪ, ಅಜ್ಜಿ ಕಾಲಲ್ಲಿ ರಕ್ತ ಬತ್ತದೆ," ಎಂದೆ. ಅವನು ಜೇಬು ಕೊಡವಿ ಎದ್ದು ಹೋದ.

ಆ ಭಾನುವಾರ ಅವನು ಕರಣೆ, ಕೆಂಪು ಪುಡಿ, ಮಟ್ಟದ ದಾರ ಹಿಡಿದುಕೊಂಡು ಬಚ್ಚಲಿಗೆ ಬಂದ. ಅಜ್ಜಿ ಒಲೆಯ ಬೂದಿ ಬಾಚುತ್ತಿದ್ದವಳು ಏಳಲು ಹೋದಳು. ಅವನು ಬಾಗಿಲಲ್ಲೇ ನಿಂತು, ಅವಳ ಮುಖ ನೋಡದೆ, ತಿಂಗಳುಗಳ ಮೇಲೆ ಮೊದಲ ಮಾತು ಆಡಿದ:

"ಕಾಲು ನೀಡವ್ವ."

ಅಜ್ಜಿ ಗೋಡೆಯ ಕಡೆ ತಿರುಗಿ ಕೂತು ಕಾಲು ನೀಡಿದಳು. ಅವನು ಮೊಣಕಾಲೂರಿ, ಸೊಂಟದಿಂದ ಹಿಮ್ಮಡಿಯ ತನಕ ದಾರ ಹಿಡಿದು ಅಳೆದ. ಹಿಮ್ಮಡಿಯ ಹತ್ತಿರ ಬಂದಾಗ ಆ ಬಟ್ಟೆಯ ಸುತ್ತನ್ನು ಒಂದು ಬೆರಳಲ್ಲಿ ಮುಟ್ಟಿ ಹಾಗೇ ಇದ್ದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು "ಹಾಳು ಹೊಗೆ" ಎಂದಳು. ಒಲೆ ಹಚ್ಚಿಯೇ ಇರಲಿಲ್ಲ. ಹಂಡೆಯ ಪಕ್ಕದ ಗೋಡೆಯ ಬುಡದಲ್ಲಿ, ಯಾರೂ ಕಾಲಿಟ್ಟು ನಡೆಯದ ಕಡೆ, ಅಜ್ಜಿಯ ಕಾಲಿನಷ್ಟು ಉದ್ದಕ್ಕೆ, ಅವಳು ಕೂರುವಷ್ಟು ಅಗಲಕ್ಕೆ ಒಂದು ಪಟ್ಟಿಯನ್ನು ಅವನು ಹೊಸದಾಗಿ ನುಣ್ಣಗೆ ಎಳೆದ. ಉಳಿದ ನೆಲವನ್ನು ಕುಟ್ಟಿದಂತೆಯೇ ಬಿಟ್ಟ. ಅದು ಒಣಗಿದ ಮೇಲೆ ಮನೆಯಲ್ಲೇ ಸ್ನಾನ ಮಾಡಿದ. ನೀರು ಹೊಯ್ದುಕೊಳ್ಳುವ ಸದ್ದು ಕೇಳಿ, ಒಳಗೆ ಅತ್ತೆ ಕೂಸನ್ನು ಎದೆಗೊತ್ತಿಕೊಂಡು ನಕ್ಕಿದ್ದು ನನಗೆ ಈಗಲೂ ಕಾಣುತ್ತದೆ.

ಆಮೇಲೆ ನಮ್ಮ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ ಆ ಪಟ್ಟಿಯ ಮೇಲೇ ಮಿಂದವು. ನನ್ನ ತಮ್ಮ, ಅತ್ತೆಯ ಎರಡನೆಯ ಮಗ. ಅಜ್ಜಿಯ ಕೈಸೋತ ಮೇಲೆ ಅತ್ತೆಯೇ ಅಲ್ಲಿ ಕೂತಳು. ಕೂತೂ ಕೂತೂ ಅದು ಇನ್ನಷ್ಟು ಹೊಳೆಯಿತು. ಆಮೇಲೆ ಎಲ್ಲ ಮನೆಗಳಲ್ಲಿ ಆಗುವುದೇ ಆಯಿತು. ಅಜ್ಜಿ ಹೋದಳು, ಕೆಲ ವರ್ಷಕ್ಕೆ ದೊಡ್ಡಪ್ಪನೂ ಹೋದ, ಮನೆ ಮಾರಿದೆವು. ಈಗ ಅಲ್ಲಿ ಟ್ಯುಟೋರಿಯಲ್ಲಿಗೆ ಬರುವ ಹುಡುಗಿಯರ ನಾಲ್ಕು ಮಹಡಿಯ ಪಿ.ಜಿ. ಇದೆ, ಬಾಲ್ಕನಿ ತುಂಬ ಬಣ್ಣಬಣ್ಣದ ಟವಲು. ನನಗೆ ಅವರ ಮೇಲೆ ಬೇಸರವಿಲ್ಲ. ಬೇಸರ ಇರುವುದು ಇಷ್ಟಕ್ಕೇ: ಆ ಮನೆ ಕೆಡವಿದ ದಿನ ನಾನು ಡ್ಯೂಟಿಯಲ್ಲಿದ್ದೆ, ಅತ್ತೆ ಹಾಸನದಲ್ಲಿದ್ದಳು, ಆ ಪಟ್ಟಿಯ ಮೇಲೆ ಒಂದು ಚೊಂಬು ನೀರು ಹೊಯ್ದು ಬರಲು ಯಾರೂ ಇರಲಿಲ್ಲ.

ಎರಡನೆಯ ಸಲ ಟೈಲ್ಸ್ ಅಂಗಡಿಗೆ ಅತ್ತೆಯನ್ನೇ ಆಟೋದಲ್ಲಿ ಕರೆದುಕೊಂಡು ಹೋದೆ. ಇಳಿದು ನೋಡಿದರೆ ಗಾಜಿನ ಬಾಗಿಲ ಹೊರಗೆ, ಬೆಟ್ಟದ ಗುಡಿಗೆ ಬಂದವಳ ಹಾಗೆ, ಚಪ್ಪಲಿ ಬಿಟ್ಟಿದ್ದಾಳೆ. ಕೋಟಿನ ಹುಡುಗಿ ಓಡಿ ಬಂದು, "ಪರವಾಗಿಲ್ಲ ಅಜ್ಜಿ, ಹಾಕ್ಕೊಂಡೇ ಬನ್ನಿ," ಎಂದಳು. "ಕಾಲಲ್ಲಿ ತಾನೇ ನೋಡ್ಬೇಕು, ಕಣ್ಣಲ್ಲಿ ನೋಡಿ ಏನ್ಮಾಡಾನವ್ವ?" ಎಂದಳು ಅತ್ತೆ. ನೆಲದ ಟೈಲುಗಳನ್ನು ಒಂದೊಂದಾಗಿ ಕೆಳಗೆ ಹಾಕಿಸಿದಳು. ಕುಡಿಯುವ ನೀರಿನ ಬಾಟಲಿ ಇಸಿದುಕೊಂಡು ಅದರ ಮೇಲೆ ಸುರಿದಳು. ಇಷ್ಟಾದರೆ ಹೋಗಲಿ ಎನ್ನಬಹುದಿತ್ತು. ಸೆರಗಿನ ಗಂಟು ಬಿಚ್ಚಿ, ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದ ಸೀಗೆಪುಡಿ ಉದುರಿಸಿ, ಕಾಲಿನಿಂದಲೇ ಕಲಸಿದಳು. ಎ.ಸಿ.ಯ ತಂಪಿನಲ್ಲಿ ಸೀಗೆಯ ವಾಸನೆ ಎದ್ದಿತು. ಮ್ಯಾನೇಜರು ಬಂದು ನಿಂತರು, ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ನನ್ನ ಭುಜ ಹಿಡಿದು ಒಂದೊಂದರ ಮೇಲೂ ನಿಂತು, ಹಿಮ್ಮಡಿ ತಿರುವಿ, "ಜಾರ್ತದೆ. ಇದೂ ಜಾರ್ತದೆ," ಎಂದು ತಳ್ಳುತ್ತಾ ಹೋದಳು. ಕೊನೆಗೆ ಒಂದು ಒರಟು, ಮಾಸಲು ಕೆಂಪಿನದು, ಉಳಿಯಿಂದ ಕುಟ್ಟಿದ ಹಾಗೆ ಸಣ್ಣ ಸಣ್ಣ ಗುಳಿಯದು ಸಿಕ್ಕಿತು. ಅದರ ಮೇಲೆ ನಿಂತವಳು ನನ್ನ ಭುಜದಿಂದ ಕೈ ತೆಗೆದಳು. ತಾನಾಗಿಯೇ ನಿಂತಳು. "ನೀನೂ ನಿಂತ್ಕಂಡು ನೋಡವ್ವ," ಎಂದು ಹುಡುಗಿಯನ್ನು ಕರೆದಳು. ಆ ಹುಡುಗಿ ಮ್ಯಾನೇಜರ ಮುಖ ನೋಡಿ, ಬೂಟು ಬಿಚ್ಚಿ, ಅತ್ತೆಯ ಪಕ್ಕದಲ್ಲಿ ನಿಂತು ಕಿಸಕ್ಕನೆ ನಕ್ಕಳು. ಮ್ಯಾನೇಜರೂ ನಕ್ಕುಬಿಟ್ಟರು.

ಹೊರಡುವಾಗ ಅತ್ತೆ ಆ ಹೊಳೆಯುವ ಕೆಂಪು ಟೈಲಿನ ಮುಂದೆ ನಿಂತಳು. "ಇದೂ ವಸಿ ಬೇಕು," ಎಂದಳು.

"ಜಾರುತ್ತೆ ಅಂತ ನೀನೇ ಅಂದ್ಯಲ್ಲತ್ತೆ?"

"ನಿಂತ್ಕಳಕ್ಕಲ್ಲ ಕಣಮ್ಮಿ. ಕಾಲು ನೀಡಕ್ಕೆ."

ನಲ್ಲಿಗಳ ವಿಷಯದಲ್ಲಿ ಅವಳದೇನೂ ತಕರಾರಿರಲಿಲ್ಲ. ಕಪ್ಪು ಹಿಡಿಸಿದ ಹಿತ್ತಾಳೆಯನ್ನು ನೋಡಿ, "ಇವ್ರ ಮನೇಲಿ ಬೆಳಗಾಕೆ ಸೊಸೆ ಇಲ್ವಾ?" ಎಂದು ಮಾತ್ರ ಕೇಳಿದಳು. ಹಂಡೆ ಇಡಿಸಲು ಆಗುವುದಿಲ್ಲ, ಹೊಗೆ ಹೋಗಲು ದಾರಿಯಿಲ್ಲ, ಗೀಸರೇ ಗತಿ ಎಂದಾಗ, "ಹಂಗಾರೆ ಹಬ್ಬದಲ್ಲಿ ಹಾಗಲಬಳ್ಳಿ ಅದುಕ್ಕೇ ಕಟ್ಟೀಯಾ?" ಎಂದಳು. ಕಟ್ತೀನಿ ಎಂದೆ. ಅವಳ ಸಮಾಧಾನಕ್ಕೆ ಒಂದು ತಾಮ್ರದ ಕೊಳದಪ್ಪಲೆ ಕೊಂಡೆ, ಗೀಸರಿನ ನೀರನ್ನು ಅದಕ್ಕೆ ತುಂಬಿದರಾಯಿತೆಂದು. ಟೈಲು ಕೂರಿಸುವ ಮೇಸ್ತ್ರಿ ಗೋಡೆಯ ಬುಡದ ಆ ನುಣುಪು ಪಟ್ಟಿಯ ಕತೆ ಕೇಳಿ, "ಅಮ್ಮಾ, ಒರಟಿನ ಮಧ್ಯ ಇದೇನ್ರೀ ಇದು, ಚೆನ್ನಾಗಿ ಕಾಣಲ್ಲ," ಎಂದರು. ಕಾಣುವುದು ಬೇಡ, ಹಾಕಿ ಎಂದೆ. ಉದ್ದ ಎಷ್ಟು ಎಂದು ಟೇಪು ಬಿಚ್ಚಿದರು. ಅತ್ತೆ ಹಜಾರದ ನೆಲದ ಮೇಲೆ ಕೂತು ಕಾಲು ನೀಡಿ, "ಇಷ್ಟು," ಎಂದಳು. ಒಳಗೆ ಸಿಮೆಂಟು ಕಲಸಿದ್ದು ಆಗಲೇ. ನಾನು ಅಡುಗೆಮನೆಗೆ ಹೋಗಿ ಪುರಿ ಬಾಯಿಗೆ ಹಾಕಿಕೊಂಡದ್ದೂ ಆಗಲೇ.

ಎಲ್ಲ ಒಣಗಿ, ಮೇಸ್ತ್ರಿ ಒಪ್ಪಿಗೆ ಕೊಟ್ಟ ದಿನ ಬೆಳಿಗ್ಗೆ ನಾನು ಹರಳೆಣ್ಣೆ ಬೆಚ್ಚಗೆ ಮಾಡಿ ಅತ್ತೆಯ ನೆತ್ತಿಗೆ ತಟ್ಟಿದೆ. ಅವಳು ಬೇಡ ಎನ್ನಲಿಲ್ಲ. ಬಚ್ಚಲಿನ ಬಾಗಿಲಿಗೆ ಬಂದು, ಮೊದಲಿನಂತೆಯೇ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತಳು. ನಾನು ಕರೆಯಲೂ ಇಲ್ಲ, ಕೈ ನೀಡಲೂ ಇಲ್ಲ. ತಪ್ಪಲೆಯ ನೀರಿಗೆ ಕೈಯದ್ದಿ ಹದ ನೋಡುತ್ತಾ ಕೂತೆ. ಅವಳ ಬಲಗಾಲು ಹೊಸ್ತಿಲು ದಾಟಿ, ಬೆರಳ ತುದಿಯಿಂದ ನೆಲವನ್ನು ಕೆರೆದು ನೋಡಿತು. ಆಮೇಲೆ ಹಿಮ್ಮಡಿ ಇಳಿಯಿತು. ಆಮೇಲೆ ಎಡಗಾಲು. ಗೋಡೆಗೆ ಹೊಸದಾಗಿ ಹಾಕಿಸಿದ್ದ ಹಿಡಿಕೆ ಹಿಡಿದು ನಿಧಾನವಾಗಿ ನುಣುಪು ಪಟ್ಟಿಯ ಮೇಲೆ ಕೂತು, ಮಂಡಿ ಮಡಚಿಕೊಂಡು, ಮದುವೆಯಾಗಿ ಹೊಸ ಮನೆಗೆ ಬಂದವಳ ಹಾಗೆ ಮುದುಡಿಕೊಂಡಳು.

"ಕಾಲು ನೀಡತ್ತೆ," ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದ್ದೋ ಅನ್ನಿಸಿತು.

ಅವಳು ನನ್ನ ಮುಖ ನೋಡಿದಳು. ಕಾಲು ನೀಡಿದಳು. ನಾನು ಮೊದಲ ಚೊಂಬು ಹೊಯ್ದೆ. ಎಷ್ಟೋ ತಿಂಗಳ ಮೇಲೆ ಬಿಸಿನೀರು ಅವಳ ನೆತ್ತಿಯಿಂದ ಬೆನ್ನಿಗೆ, ಬೆನ್ನಿಂದ ಆ ಕೆಂಪು ಪಟ್ಟಿಗೆ ಇಳಿದು ಹರಿಯಿತು. "ಹಾ" ಎಂದಳು, ಒಳಗಿನಿಂದ. ಸೀಗೆ ಹಾಕಿ ತಿಕ್ಕುವಾಗ ನನ್ನ ಎಡಗೈ ತಾನಾಗಿ ಅವಳ ಹಣೆಯ ಮೇಲೆ ಸೂರಾಗಿ ಹೋಗಿ ನಿಂತಿತು. ಅವಳ ಕೈಗಳು ನೀಡಿದ ಕಾಲುಗಳ ನಡುವೆ, ಅಲ್ಲಿ ಯಾವುದೋ ಕೂಸನ್ನು ಹಿಡಿದ ಹಾಗೆ, ಅರ್ಧ ತೆರೆದುಕೊಂಡು ಇದ್ದವು. ಅದನ್ನು ನೋಡಿದ ಕೂಡಲೇ ನನಗೆ ಅಜ್ಜಿ ಬೇಕೆನ್ನಿಸಿತು, ದೊಡ್ಡಪ್ಪ ಬೇಕೆನ್ನಿಸಿತು, ಆ ಹೊಗೆ, ಆ ಗಾಜಿನ ಹೆಂಚಿನ ಬೆಳಕು ಎಲ್ಲ ಬೇಕೆನ್ನಿಸಿತು, ಚಿಕ್ಕ ಮಕ್ಕಳಿಗೆ ಬೇಕೆನ್ನಿಸುವ ಹಾಗೆ. ಅಳು ಬಂದದ್ದು ನೀರಿನಲ್ಲಿ ಗೊತ್ತಾಗಲಿಲ್ಲ. ಕೊನೆಯ ಚೊಂಬನ್ನು ನಿಧಾನವಾಗಿ ನೆತ್ತಿಯ ಮೇಲೆ ಸುರಿಯುತ್ತಾ, ನಾಲಿಗೆಯ ಮೇಲೆ ಬಂದದ್ದನ್ನೇ ಅಂದುಬಿಟ್ಟೆ, "ಬೆಟ್ಟದಂಗೆ ಬೆಳಿ."

"ಇನ್ನೆಲ್ಲಿಗೆ ಬೆಳೆಯಾನೆ, ಮುದುಕಿ ನಾನು," ಎಂದು ಅತ್ತೆ ಗಟ್ಟಿಯಾಗಿ ನಕ್ಕಳು. ನಗು ನಿಂತ ಮೇಲೆ ತನ್ನ ಹಿಮ್ಮಡಿಯ ಕಡೆ ನೋಡಿದಳು. ಪಟ್ಟಿ ಅವಳ ಅಳತೆಗೆ ಸರಿಯಾಗಿ ಅಲ್ಲಿಗೆ ಮುಗಿದಿತ್ತು. ಅದರಾಚೆಯ ಒರಟು ನೆಲದ ಮೇಲೆ ಬಗ್ಗಿ, ಒಂದು ಗೇಣು ಜಾಗವನ್ನು ಒದ್ದೆ ಕೈಯಲ್ಲಿ ಸವರಿದಳು.

"ನಮ್ಮವ್ವನ ಕಾಲು ಇನ್ನೂ ವಸಿ ಉದ್ದ ಇತ್ತು ಕಣಮ್ಮಿ," ಎಂದಳು.

ನಾನು ಆ ಜಾಗಕ್ಕೂ ಒಂದು ಚೊಂಬು ನೀರು ಹೊಯ್ದೆ.